ಜೀರಿಗೆ ಕಷಾಯ

“ಐದು ವರ್ಷ ಆಯ್ತು, ಒಂದು ಮಗು ಇಲ್ಲ. ನಮ್ಮ ಅಳಿಯಂದಿರ ಗಂಡಸ್ತನ ಏನಿದ್ರೂ ಬರೀ ಮಾತಲ್ಲಿ!”

ಬಾಮೈದನ ಮಗಳ ತೊಟ್ಟಿಲು ಶಾಸ್ತ್ರ. ಕೊನೇ ಪಂಕ್ತಿಯಲ್ಲಿ ಊಟಕ್ಕೆ ಕೂತ ಅತ್ತೆ ಎಲ್ಲರೆದುರೇ ಅಂದುಬಿಟ್ಟರು. ಸಾಲಿಗೆ ಸಾಲೇ ಕಿಸಕ್ಕನೆ ನಕ್ಕಿತು. ಸಾಂಬಾರಿನ ಬಕೆಟ್ ಹಿಡಿದು ನಿಂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು.

ಮೊನ್ನೆ ತಾನೇ ಡಾಕ್ಟರ್ ಹೇಳಿದ್ದರು: “ನಿಮ್ಮಲ್ಲೇನೂ ದೋಷ ಇಲ್ಲ. ಇವರಿಗೆ ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದು ಹೊರಗೆಲ್ಲ ಬೆಳೆದು ನಾಳಗಳೇ ಅಂಟಿಕೊಂಡಿವೆ. ಆಪರೇಷನ್, ಇಲ್ಲಾಂದ್ರೆ ಐವಿಎಫ್ ಅಂತ ನೋಡಬಹುದು, ಖಾತ್ರಿ ಕೊಡಲ್ಲ. ನೋವು ಶುರುವಾದಾಗಲೇ ತೋರಿಸಿದ್ದರೆ ಬಹುಶಃ ಇಷ್ಟು ಕೆಡ್ತಿರಲಿಲ್ಲ.”

ಹೇಳಿಯೇಬಿಡೋಣ ಅಂತ ಬಾಯಿ ತೆರೆದೆ. ಹಪ್ಪಳ ಬಡಿಸುತ್ತಿದ್ದ ಹೆಂಡತಿ ಓಡಿಬಂದು ನನ್ನ ಮೊಣಕೈ ಹಿಡಿದಳು.

“ರೀ, ಅಮ್ಮಂಗೆ ಮಾತ್ರ ಬೇಡ. ನಿಮ್ಮದೇ ದೋಷ ಅಂದ್ಕೊಳ್ಳಲಿ.”

“ನಿನ್ನ ಮರ್ಯಾದೆ ಉಳಿಸೋಕೆ ನಾನೆಷ್ಟು ಉಗಿಸ್ಕೊಳ್ಳಲೇ?” ಹಲ್ಲು ಕಚ್ಚಿ ಕೇಳಿದೆ.

ಅತ್ತೆ ಪಕ್ಕದೆಲೆಯವರಿಗೆ ಇನ್ನೂ ಹೇಳುತ್ತಲೇ ಇದ್ದರು. “ನನ್ನ ಮಗಳು ಗಟ್ಟಿಗಿತ್ತಿ ಕಣ್ರೀ. ದೊಡ್ಡವಳಾದಾಗಿಂದ ತಿಂಗಳು ತಿಂಗಳೂ ಹೊಟ್ಟೆ ಹಿಡ್ಕೊಂಡು ಒದ್ದಾಡೋಳು. ಡಾಕ್ಟರ ಹತ್ರ ಹೋಗೋಣಮ್ಮ ಅಂತ ಅಳೋಳು. ನಾನು ಬಿಡ್ತೀನಾ? ಹೆಣ್ಣಾದ್ಮೇಲೆ ತಡ್ಕೋಬೇಕು ಅಂತ ಜೀರಿಗೆ ಕಷಾಯ ಕುಡಿಸಿ ಮಲಗಿಸ್ತಿದ್ದೆ. ಹಂಗೆ ಬೆಳೆಸಿದ ಮೈ ಅದು! ಏನಂತೀರಿ ಅಳಿಯಂದಿರೇ?”

ಹೆಂಡತಿ ನನ್ನ ಮೊಣಕೈ ಬಿಟ್ಟು, ಅಮ್ಮನ ಎಲೆಗೆ ಇನ್ನೊಂದು ಹಪ್ಪಳ ಹಾಕಿದಳು.

ಅತ್ತೆಯ ಎಲೆಗೆ ಒಂದು ಸೌಟು ಸಾಂಬಾರು ಹಾಕಿ, ಮುಂದಿನ ಎಲೆಗೆ ನಡೆದೆ.