ಏಳನೆಯ ಹೆಸರು

“ಸೊನ್ನಿ ತಗೊಂಡವನ್ನ ಕಲಬುರ್ಗಿಗೆ ಹ್ಯಾಂಗ ಕಳಸ್ಲಿ ಸಾಬ್?” ಎಂದು ಅಬ್ದುಲ್ ಗನಿ ಮಾಸ್ತರರು ಪೆನ್ನಿನ ಟೊಪ್ಪಿಗೆ ಮುಚ್ಚಿದರು. ಆಳಂದ ತಾಲೂಕು ಕಬಡ್ಡಿ ತಂಡದಿಂದ ಅಂಕಣಕ್ಕಿಳಿಯುವ ಏಳು ಜನರಲ್ಲಿ ದೌಲತರಾಯನದೂ ಸೇರಿ ಆರು ಹೆಸರು ಬರೆದಾಗಿತ್ತು. ಏಳನೆಯದು ಜಗದೇವನದೋ ಭಗವಂತನದೋ ಎಂದು ಬೆಳಿಗ್ಗೆಯಿಂದ ಹಗ್ಗಜಗ್ಗಾಟ. ಜಿಲ್ಲಾ ಪಂದ್ಯದ ಪಟ್ಟಿ ನಾಲ್ಕು ಗಂಟೆಯ ಬಸ್ಸಿಗೆ ಹೋಗಲೇಬೇಕು.

ದೇವೀಂದ್ರಪ್ಪ ನೂರನೆಯ ಸಲ ತನ್ನ ನೋಟುಬುಕ್ಕು ತೆರೆದ. ಅವನು ತಾಲೂಕು ಕಚೇರಿಯ ಸಂಖ್ಯಾ ಶಾಖೆಯ ಗುಮಾಸ್ತ. ತೊಗರಿ ಹೊಲದಲ್ಲಿ ನಾಲ್ಕು ಗೂಟ ನೆಟ್ಟು, ಅಷ್ಟೇ ಜಾಗದ ಕಾಳು ತೂಗಿ, ತಾಲೂಕಿನ ಫಸಲು ಇಂತಿಷ್ಟು ಎಂದು ಹೇಳುವುದು ಅವನ ಕೆಲಸ. ಅದನ್ನು ಸರಕಾರ ತುಟಿಪಿಟಕ್ಕೆನ್ನದೆ ನಂಬುತ್ತಿತ್ತು. ಅದೇ ಮನುಷ್ಯ ಹದಿನಾಲ್ಕು ಪಂದ್ಯ ಬಿಸಿಲಲ್ಲಿ ಕೂತು, ಯಾವ ಆಟಗಾರ ಅಂಕಣದಲ್ಲಿದ್ದಾಗ ನಮಗೆಷ್ಟು ಅಂಕ, ಎದುರಿನವರಿಗೆಷ್ಟು ಎಂದು ಬರೆದುಕೊಂಡರೆ ಊರಿಗೆ ಊರೇ ನಗುತ್ತಿತ್ತು.

“ಮಾಸ್ತರ್ರ, ಕಣ್ಣು ಬಿಟ್ಟು ನೋಡ್ರಿ. ಜಗದೇವ ಒಬ್ಬನೇ ಅರವತ್ತೊಂದು ಅಂಕ ತಂದಾನ, ಖರೆ. ಆದ್ರ ಅಂವ ಒಳಗಿದ್ದಾಗ ಎದುರಿನವ್ರು ನಮಗಿಂತ ನಲವತ್ತೊಂದು ಅಂಕ ಹೆಚ್ಚು ಹೊಡದಾರ. ಭಗವಂತ ಒಳಗಿದ್ದಾಗ ನಾವು ಅರವತ್ನಾಲ್ಕು ಹೆಚ್ಚು ಹೊಡದೇವಿ.”

“ಅದ್ರಾಗ ಭಗವಂತ ಹೊಡದದ್ದೆಷ್ಟು?”

“ಒಂದೂ ಇಲ್ಲ.”

“ಮತ್ತ?”

ಈ ‘ಮತ್ತ’ ಕೇಳಿ ಕೇಳಿ ದೇವೀಂದ್ರಪ್ಪನಿಗೆ ತಲೆ ಚಚ್ಚಿಕೊಳ್ಳುವಂತಾಗಿತ್ತು. ಕಲ್ಲಿಗಾದರೂ ಹೇಳಬಹುದು, ಮೂವತ್ತು ವರ್ಷ ಸೀಟಿ ಊದಿದ ಮಾಸ್ತರರಿಗೆ ಹೇಳಲಾಗದು. ಅವರ ಕೈಯಲ್ಲಿದ್ದ ಫಾರಮ್ಮಿನಲ್ಲೂ ‘ಗಳಿಸಿದ ಅಂಕ’ ಎಂಬ ಒಂದೇ ಮನೆ. ಆ ಮನೆಯಲ್ಲಿ ಸೊನ್ನೆ ಬರೆದರೆ ಜಿಲ್ಲೆಯವರು ತಮ್ಮ ಮುಖದ ಮೇಲೆ ಉಗುಳುತ್ತಾರೆ ಎಂಬುದು ಮಾಸ್ತರರ ವಾದ. ಆದರೆ ದೇವೀಂದ್ರಪ್ಪನನ್ನು ಒಳಗೊಳಗೇ ಕೊರೆಯುತ್ತಿದ್ದದ್ದು ಬೇರೆ. ಭಗವಂತ ಅಲ್ಲಿ ಮಾಡುವುದಾದರೂ ಏನು ಎಂಬುದು ಅವನಿಗೂ ಗೊತ್ತಿರಲಿಲ್ಲ. ಕೊನೆಗೆ ಸಾಕಾಗಿ ಬಾಜಾರಿಗೆ ಹೇಳಿ ಕಳಿಸಿದ.

ಅಡತಿ ಅಂಗಡಿಯಲ್ಲಿ ತೊಗರಿ ಚೀಲ ಇಳಿಸುತ್ತಿದ್ದ ಭಗವಂತ ಮೈತುಂಬ ಧೂಳಿನೊಂದಿಗೇ ಬಂದು ಬಾಗಿಲಲ್ಲಿ ನಿಂತ.

“ಅಂಕಣದಾಗ ನೀ ಏನ್ ಮಾಡ್ತಿ, ಮಾಸ್ತರ್ರಿಗೆ ಹೇಳಪಾ,” ಎಂದ ದೇವೀಂದ್ರಪ್ಪ.

“ಏನೂ ಮಾಡಂಗಿಲ್ರಿ.”

ಮಾಸ್ತರರು ಗಹಗಹಿಸಿ ನಕ್ಕರು. ದೇವೀಂದ್ರಪ್ಪನಿಗೆ ಅವನನ್ನು ಅಲ್ಲೇ ಹಿಡಿದು ಬಡಿಯಬೇಕೆನ್ನಿಸಿತು. “ಏನೂ ಅಂದ್ರ ಏನಲೇ? ಎದಿ ಮ್ಯಾಲ ಕೈ ಕಟ್ಟಿ ನಿಂದರ್ತಿಯೇನು?”

“ಇಲ್ರಿ, ದೌಲತರಾಯನ ಕೈ ಹಿಡ್ಕೊಂಡು ನಿಂತಿರ್ತೇನಿ. ಎದುರಿನಾಂವ ಒಳಗ ಬಂದ್ರ ಸಾಕು, ದೌಲತರಾಯಗ ತಡ್ಯಾಂಗಿಲ್ಲ, ಜಿಗ್ಯಾಕ ಹೋಗ್ತಾನ. ನಾ ಬಿಡಂಗಿಲ್ರಿ. ಬಂದಾಂವನ ದಮ್ಮು ಮುಗ್ಯಾಕ ಬಂತು ಅಂದ್ರ ಆವಾಗ ಬಿಡ್ತೇನಿ, ದೌಲತರಾಯ ಹಿಡದು ಕೆಡವ್ತಾನ.”

ದೇವೀಂದ್ರಪ್ಪ ನೋಟುಬುಕ್ಕಿನ ಅರವತ್ನಾಲ್ಕರ ಮೇಲೆ ಬೆರಳಿಟ್ಟ. ಹದಿನಾಲ್ಕು ಪಂದ್ಯ ಅಂಕಣದ ಅಂಚಿಗೇ ಕೂತಿದ್ದ. ಆ ಕೈಗಳು ದಿನವೂ ಕಣ್ಣೆದುರೇ ಇದ್ದವು. ತನ್ನ ಮೇಲೇ ಅವನಿಗೆ ಸಿಟ್ಟು ಬಂತು.

“ಕೇಳಿದ್ರಿ ಮಾಸ್ತರ್ರ?” ಎಂದ ಸಾವರಿಸಿಕೊಂಡು.

“ಕೇಳ್ದೆ ಸಾಬ್. ಅಂವನ ಬಾಯಿಲೇ ಹೇಳಿದ, ಏನೂ ಮಾಡಂಗಿಲ್ಲಂತ. ಕೈ ಹಿಡ್ಕೊಂಡು ನಿಂದ್ರಾಕ ಯಾರಾದ್ರೇನು? ಜಗದೇವನೇ ಹಿಡೀತಾನ ತಗೋರಿ, ಮ್ಯಾಲ ಅರವತ್ತೊಂದು ಅಂಕ.” ಮಾಸ್ತರರು ಏಳನೆಯ ಸಾಲಿನಲ್ಲಿ ಜಗದೇವನ ಹೆಸರು ಗುಂಡಾಗಿ ಬರೆದು, ಟಪ್ಪೆಂದು ಶಿಕ್ಕಾ ಹೊಡೆದು, ಲಕೋಟೆಗೆ ಅಂಟು ಹಚ್ಚಿಬಿಟ್ಟರು. ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು.

ದೇವೀಂದ್ರಪ್ಪ ನೋಟುಬುಕ್ಕನ್ನು ಮೇಜಿನ ಮೇಲೆ ಕುಕ್ಕಿದ. ಭಗವಂತನ ಮುಖದಲ್ಲಿ ಮಾತ್ರ ಅಂಥ ಬೇಸರವೇನೂ ಕಾಣಲಿಲ್ಲ. ಬಾಜಾರಿನಲ್ಲಿ ಚೀಲ ಕಾಯುತ್ತಿದ್ದವು. ಎರಡು ಹೆಜ್ಜೆ ಹೋದವನು ಏನೋ ಯೋಚಿಸಿ, ತಿರುಗಿ ಬಂದು, ಚೌಕಟ್ಟು ಹಿಡಿದು ನಿಂತ.

“ಮಾಸ್ತರ್ರ, ದೌಲತರಾಯಗಿಂತ ಮೊದ್ಲ ಜಗದೇವನೇ ಜಿಗೀತಾನ್ರಿ. ಅಂವನ ಕೈ ಯಾರ್ ಹಿಡೀಬೇಕು?”