ಹೆಂಟೆ ಹೊರದ ತಲೆ

"ಹೆಂಟಿ ಹೊರು," ಎಂದರು ಪಂಚರು.

ಊರ ಗಡಿಗಳನ್ನೆಲ್ಲ ಬಲ್ಲ ಹನುಮಸಾಗರದ ತಳವಾರ ಗ್ಯಾನಪ್ಪ ಹಳ್ಳದ ದಂಡೆಯಲ್ಲಿ ಕೈಕಟ್ಟಿ ನಿಂತಿದ್ದ. ಸಣ್ಣವ್ವನ ಹೊಲಕ್ಕೂ ಸಾವಕಾರ ದೇವೇಂದ್ರಪ್ಪನ ಹೊಲಕ್ಕೂ ನಡುವಿನ ಗಡಿಕಲ್ಲುಗಳನ್ನು ಹಳ್ಳದ ನೀರು ಹೊತ್ತೊಯ್ದಿತ್ತು. ನಿಜಾಮ ಸರ್ಕಾರದ ಕಚೇರಿಗೆ ಹೋದರೆ ತೀರ್ಪು ಮೊಮ್ಮಕ್ಕಳ ಕಾಲಕ್ಕೆ. ಊರಲ್ಲಾದರೆ, ತಳವಾರ ಮಣ್ಣಿನ ಹೆಂಟೆಯನ್ನು ತಲೆಯ ಮೇಲಿಟ್ಟುಕೊಂಡು ನಡೆದದ್ದೇ ಗಡಿ. ಹೆಂಟೆ ಹೊತ್ತು ಸುಳ್ಳು ಹೆಜ್ಜೆ ಇಟ್ಟವನ ವಂಶ ಉಳಿಯದು ಎಂಬ ನಂಬಿಕೆ.

"ಯೇಸುಸ್ವಾಮಿನ್ನ ನಂಬಿದ ಮ್ಯಾಲ ಆಣಿ ಇಡೋದಿಲ್ರಿ. ಹೆಂಟಿ ಇಲ್ದ ಹಂಗ ನಡೀತೀನಿ," ಎಂದ ಗ್ಯಾನಪ್ಪ.

"ಆಣಿ ಇಲ್ದ ಇವನ್ನ ಹೆಂಗ ನಂಬೋದು?" ದೇವೇಂದ್ರಪ್ಪ ಹೆಂಟೆಯನ್ನು ತಾನೇ ಎತ್ತಿ ಹಿಡಿದು ಕೂಗಾಡಿದ. ಅವನ ಭಯಕ್ಕೆ ಕಾರಣವಿತ್ತು. ಗ್ಯಾನಪ್ಪ ದೀಕ್ಷಾಸ್ನಾನ ಮಾಡಿಸಿಕೊಂಡ ದಿನ ಪ್ರಾರ್ಥನೆಯ ಗುಡಿಸಲಿನ ಬಾಗಿಲಿಗೆ ಜಾಲಿಮುಳ್ಳು ಬಡಿಸಿದವನು ಅವನೇ. ಊರೆಲ್ಲ ಮುಖ ತಿರುವಿದಾಗ ಗ್ಯಾನಪ್ಪನ ಮನೆಗೆ ಜೋಳ ಕಳಿಸಿದವಳು ಸಣ್ಣವ್ವ. ಗಂಡನಿಲ್ಲದ ಹೆಂಗಸು. ಗಡಿಯ ಮೇಲಿದ್ದ ಹುಣಸೆಮರದಿಂದಲೇ ಅವಳ ಅರ್ಧ ವರ್ಷದ ಗಂಜಿ ನಡೆಯುತ್ತಿತ್ತು.

ಗ್ಯಾನಪ್ಪನ ಹೆಂಡತಿ ದುರುಗವ್ವ ಹತ್ತಿರ ಬಂದು ಪಿಸುಗುಟ್ಟಿದಳು: "ನಾಕು ಹೆಜ್ಜಿ ಆಚಿ ಇಡ್ರಿ, ಮರ ಸಣ್ಣವ್ವಗ ಉಳೀಲಿ. ನಮ್ಮ ಸ್ವಾಮಿ ಬಡವರ ಕಡಿ ಅಲ್ಲೇನು?"

"ಬಡವರ ಕಡಿನ ಅದಾನ. ಸುಳ್ಳಿನ ಕಡಿ ಇಲ್ಲ."

ಕಡೆಗೆ ಪಂಚರು ಒಪ್ಪಿದರು. ಅವನು ಹೆಂಟೆಯಿಲ್ಲದೆಯೇ ನಡೆದ. ಕರುಳು ಒಂದು ಕಡೆ ಎಳೆಯುತ್ತಿತ್ತು, ಕಾಲು ಇನ್ನೊಂದು ಕಡೆ ಹೋಗುತ್ತಿತ್ತು. ಕಣ್ಣೀರು ಒರೆಸಿಕೊಳ್ಳಲೂ ಅವನು ನಿಲ್ಲಲಿಲ್ಲ. ಹುಣಸೆಮರ ದೇವೇಂದ್ರಪ್ಪನ ಪಾಲಿಗೆ ಹೋಯಿತು.

ದೇವೇಂದ್ರಪ್ಪನಿಗೆ ಹಾಲು ಕುಡಿದಷ್ಟು ಸಂತೋಷ. "ನೋಡ್ರಿ, ಎಂಥಾ ಸತ್ಯವಂತ ಅದಾನ! ಇವಗ ಯಾತರ ಹೆಂಟಿ? ಇವ ನಡೆದದ್ದ ಗಡಿ!" ಎಂದು ಊರಿಗೆಲ್ಲ ಕೇಳುವಂತೆ ಸಾರಿದ.

ಗ್ಯಾನಪ್ಪ ಸಣ್ಣವ್ವನ ಮುಂದೆ ಬಂದು ನಿಂತ. "ಯವ್ವಾ, ನಿನ್ನ ಜ್ವಾಳ ಉಂಡೀನಿ..." ಎಂದ. ತಲೆ ತಗ್ಗಿಸಿದ.

ಅವಳು ಮರವನ್ನು ನೋಡಿದಳು. ಅವನನ್ನೂ ನೋಡಿದಳು. ಅವಳ ಹೊಲದ ಬಡಗಣ ಬದುವಿನ ಆಚೆಗೂ ದೇವೇಂದ್ರಪ್ಪನದೇ ಹೊಲ. ಹತ್ತು ವರ್ಷದಿಂದ ಅವನು ಆ ಬದುವನ್ನು ಸಾಲು ಸಾಲಾಗಿ ಈಚೆಗೆ ತಳ್ಳುತ್ತ ಬಂದದ್ದು ಊರಿಗೆಲ್ಲ ಗೊತ್ತು, ಬಾಯಿಬಿಟ್ಟವರಿಲ್ಲ. ಸಣ್ಣವ್ವನಿಗೂ ಇವತ್ತಿನವರೆಗೆ ಆ ಧೈರ್ಯ ಬಂದಿರಲಿಲ್ಲ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಪಂಚರ ಕಡೆ ತಿರುಗಿದಳು.

"ಬಡಗಣ ಬದೂನೂ ಇವನ ನಡೀಲಿರಿ. ಹೆಂಟಿ ಬ್ಯಾಡಂತ ಸಾವಕಾರ್ರ ಅಂದಾರ. ನನ್ನ ಸಲುವಾಗಿ ಸುಳ್ಳು ಹೇಳದವ, ಅವ್ರ ಸಲುವಾಗಿ ಹೇಳ್ತಾನೇನು?"

ಪಂಚರು ಹೂಂ ಎಂದರು. ಗ್ಯಾನಪ್ಪ ತಲೆ ಎತ್ತಿ ಬಡಗಣಕ್ಕೆ ಹೆಜ್ಜೆ ಹಾಕಿದ. ದೇವೇಂದ್ರಪ್ಪನ ಮುಷ್ಟಿಯೊಳಗೆ ಹೆಂಟೆ ಪುಡಿಪುಡಿಯಾಗಿ ಕಾಲ ಮೇಲೆ ಸುರಿಯುತ್ತಿತ್ತು.