ಮರಿಯ ತೂಕ

ಕುರಿಮರಿಯನ್ನು ಎದೆಗವಚಿಕೊಂಡು ಓದ್ವಾರ್ ತೂಕದ ಯಂತ್ರದ ಮೇಲೆ ನಿಂತ. ಮುಳ್ಳು ಹೋದ ತಿಂಗಳಿನಂತೆ ತೊಂಬತ್ತರಲ್ಲೇ ನಿಂತಿತು. ತನ್ನ ತೂಕ ಎಂಬತ್ತೆರಡನ್ನು ಕಳೆದ. ಮರಿ ಇನ್ನೂ ಎಂಟೇ ಕಿಲೋ, ಬೆಳೆದೇ ಇರಲಿಲ್ಲ.

"ಅವಳಿ ಮರಿ, ತಾಯಿ ಹಾಲು ಸಿಗಲಿಲ್ಲ. ಗಾಡಿ ದಾಟಿಸೋ ಮಧ್ಯಾಹ್ನದ ದೋಣಿಯಲ್ಲಿ ಕಸಾಯಿಖಾನೆ ಲಾರಿ ಬರುತ್ತೆ, ಕಳಿಸಿಬಿಡ್ತೀನಿ," ಅಂದ. ಹೆಂಡತಿ ತೀರಿಕೊಂಡ ಮೇಲೆ ಅಡುಗೆಮನೆಯಲ್ಲಿ ಅವನ ಜೊತೆಗಿದ್ದದ್ದು ಆ ಮರಿಯೊಂದೇ.

ಪಕ್ಕದ ದಿಬ್ಬದ ಮನೆಯಿಂದ ಬಂದಿದ್ದ ಗುನ್‌ವೋರ್ ಮರಿಯ ಬೆನ್ನು ಹಿಚುಕಿ ನೋಡಿದಳು. "ಇದಕ್ಕೇನೋ ಕಮ್ಮಿ? ಪಾದ್ರಿ ಹೊಟ್ಟೆ ಇದ್ದಂಗಿದೆ! ಇಲ್ಲಿ ಕೊಡು. ನೀನೊಬ್ಬನೇ ನಿಲ್ಲು."

"ನನ್ನ ತೂಕ ನನಗೆ ಗೊತ್ತಿಲ್ವೇನೇ? ಮದುವೆ ದಿನದಿಂದ ಎಂಬತ್ತೆರಡು."

"ನಿಲ್ಲು ಅಂದೆ."

ನಿಂತ. ಮುಳ್ಳು ಎಪ್ಪತ್ತಾರು ದಾಟಲಿಲ್ಲ. ಹಾಗಾದರೆ ಮರಿ ಹದಿನಾಲ್ಕು ಕಿಲೋ, ಚೆನ್ನಾಗಿಯೇ ಬೆಳೆದಿದೆ. ಓದ್ವಾರನಿಗೆ ನಗು ಬಂತು. ಗುನ್‌ವೋರ್ ನಗಲಿಲ್ಲ. ಅವನ ಪ್ಯಾಂಟು ಜಾರದಂತೆ ಸೊಂಟಕ್ಕೆ ಬಿಗಿದಿದ್ದ ಹುಲ್ಲುಹೊರೆ ಕಟ್ಟುವ ದಾರವನ್ನೇ ನೋಡುತ್ತಿದ್ದಳು.

"ಓದ್ವಾರ್, ಸಂಜೆ ಏನು ತಿಂತೀಯ?"

"ಸಂಜೆ..." ಅವನು ಯೋಚಿಸಿದ. "ಸಂಜೆ ಇದಕ್ಕೆ ಹಾಲು ಕುಡಿಸ್ತೀನಿ."